ಬೀದಿ ಅಗಲವಾಗದೆ ಬೆಳಕು ಹೆಚ್ಚುವ ಬಗೆ

ಸಂಜೆ ಆರೂವರೆ ದಾಟಿತೆಂದರೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದೊಂದೇ ಅಂಗಡಿಯ ಬೋರ್ಡು ಬೆಳಗತೊಡಗುತ್ತದೆ. ಸೀರೆ ಅಂಗಡಿಯ ಗಾಜಿನ ಹಿಂದೆ ಜರಿಯಂಚು ಮಿನುಗಲು ಸಾಲು ದೀಪ, ಚಿನ್ನದಂಗಡಿಯಲ್ಲಿ ಅದಕ್ಕೂ ಪ್ರಖರವಾದ ದೀಪ, ಮಹಡಿಯ ಮೇಲೆ ಗುಂಯ್ಗುಡುವ ಎ.ಸಿ.ಗಳು. ರಂಜಾನ್, ದೀಪಾವಳಿ, ಕ್ರಿಸ್‌ಮಸ್ ಹತ್ತಿರ ಬಂದಾಗ ಕಾಲಿಡಲು ಜಾಗವಿಲ್ಲದ ಈ ಬೀದಿಯಲ್ಲಿ ಕರೆಂಟು ಹೋದರೆ ಅರೆನಿಮಿಷದಲ್ಲಿ ಅಂಗಡಿಗಳ ಮುಂದಿನ ಜನರೇಟರುಗಳು ಒಟ್ಟಿಗೆ ಸದ್ದು ಶುರುಮಾಡುತ್ತವೆ. ಆಗ ಗಿರಾಕಿಯ ಬಾಯಲ್ಲೂ ವ್ಯಾಪಾರಿಯ ಬಾಯಲ್ಲೂ ಬರುವ ಮಾತು ಒಂದೇ: ‘ರಾಜ್ಯದಲ್ಲಿ ಕರೆಂಟು ಸಾಕಷ್ಟಿದೆ ಅಂತಾರೆ, ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ ಅಂತಾರೆ, ಮತ್ತೆ ಇಲ್ಲೇಕೆ ಹೋಗುತ್ತದೆ?’

ಪ್ರಶ್ನೆ ನ್ಯಾಯವಾದದ್ದೇ. ಕೆಲವೊಮ್ಮೆ ಉತ್ತರ ಬೀದಿಯ ತುದಿಯಲ್ಲೇ ಇರುತ್ತದೆ. ಫ್ಯೂಸ್ ಹೋಗಿರುತ್ತದೆ, ಟ್ರಾನ್ಸ್‌ಫಾರ್ಮರ್ ಕೆಟ್ಟಿರುತ್ತದೆ, ಯಾರೋ ಅಗೆಯುವಾಗ ಕೇಬಲ್ಲಿಗೆ ಪೆಟ್ಟು ಬಿದ್ದಿರುತ್ತದೆ. ಆದರೆ ನಗರ ಬೆಳೆದಂತೆ ಇನ್ನೊಂದು ಉತ್ತರ ಮುಖ್ಯವಾಗುತ್ತಿದೆ: ಕರೆಂಟು ಹುಟ್ಟಿದೆ, ಕೊಳ್ಳುವವರೂ ಇದ್ದಾರೆ, ನಡುವಿನ ದಾರಿ ಸಾಲುತ್ತಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಕಷ್ಟವೂ ಇದೇ ತಾನೆ? ಅಂಗಡಿಯಲ್ಲಿ ಸರಕಿದೆ, ಗಿರಾಕಿಯ ಜೇಬಿನಲ್ಲಿ ಹಣವಿದೆ, ಬೀದಿ ಮಾತ್ರ ಕಿರಿದು. ಅದನ್ನು ಅಗಲ ಮಾಡಬೇಕೆಂದರೆ ಅಂಗಡಿಗಳನ್ನೇ ಒಡೆಯಬೇಕು. ಹಾಗಾಗಿ ಇರುವ ಬೀದಿಯಲ್ಲೇ ಹೆಚ್ಚು ಜನ ಓಡಾಡುವಂತೆ ಮಾಡುವ ಉಪಾಯಗಳನ್ನು ಹುಡುಕುತ್ತೇವೆ. ವಿದ್ಯುತ್ ಸಾಗಣೆಯಲ್ಲೂ ಅಂಥ ಉಪಾಯಗಳಿವೆ. ಹೊಸ ಗೋಪುರ ನೆಡುವ ಮೊದಲು ಇರುವ ಗೋಪುರಗಳಿಂದ ಪೂರ್ತಿ ಕೆಲಸ ಪಡೆಯಬೇಕು ಎಂಬುದು ಈ ಅಧ್ಯಾಯದ ವಾದ. ಅದು ಏಕೆ ಸಾಧ್ಯ, ಎಲ್ಲಿಯವರೆಗೆ ಸಾಧ್ಯ ಎಂದು ತಿಳಿಯಲು ಒಂದು ತಂತಿ ಬಿಸಿಯಾದಾಗ ಏನಾಗುತ್ತದೆ ಎಂಬುದನ್ನು ಅರಿತರೆ ಬಹುಪಾಲು ಅರಿತಂತೆ.

ಕೋಲಾರಕ್ಕೆ ಹೋದ ತಂತಿ

ಬೆಂಗಳೂರು ಮೊದಲಿನಿಂದಲೂ ದೂರದ ಕರೆಂಟನ್ನು ನೆಚ್ಚಿಕೊಂಡ ಊರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಶುರುಮಾಡಿದಾಗ ಅದರ ಕರೆಂಟು ಮೊದಲು ಹೋದದ್ದು ಬೆಂಗಳೂರಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿದ ತಂತಿ ಅದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು ಮೂರು ವರ್ಷಗಳ ಬಳಿಕ, 1905ರ ಆಗಸ್ಟಿನಲ್ಲಿ.

ಅಷ್ಟು ದೂರ ಕರೆಂಟನ್ನು ಕಳಿಸಿದ್ದು ಹೇಗೆ ಎಂಬುದರಲ್ಲೇ ಸಾಗಣೆಯ ಮೊದಲ ಪಾಠವಿದೆ. ತಂತಿಯಲ್ಲಿ ಸಾಗುವ ಶಕ್ತಿಗೆ ಎರಡು ಮುಖ. ಒಂದು, ಕರೆಂಟನ್ನು ತಳ್ಳುವ ಒತ್ತಡ, ಅಂದರೆ ವೋಲ್ಟೇಜ್. ಇನ್ನೊಂದು, ತಂತಿಯಲ್ಲಿ ಹರಿಯುವ ಮೊತ್ತ; ಅದನ್ನು ಆಂಪಿಯರ್‌ನಲ್ಲಿ ಅಳೆಯುತ್ತೇವೆ. ಎರಡನ್ನೂ ಗುಣಿಸಿದಷ್ಟು ಶಕ್ತಿ ಸಾಗುತ್ತದೆ. ಒತ್ತಡ ಹೆಚ್ಚಿದ್ದರೆ ಕಡಿಮೆ ಹರಿವಿನಲ್ಲೇ ಅಷ್ಟೇ ಕೆಲಸ ನಡೆಯುತ್ತದೆ. ತಂತಿಯನ್ನು ಬಿಸಿಮಾಡುವುದು ಹರಿವು. ಅದೂ ಸರಳ ಲೆಕ್ಕದಲ್ಲಿ ಅಲ್ಲ: ಹರಿವು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಹರಿವು ಹತ್ತು ಪಟ್ಟಾದರೆ ಬಿಸಿ ನೂರು ಪಟ್ಟು.

ಕೋಲಾರದ ಗಣಿಗಳಿಗೆ ಮೊದಲಿಗೆ ಬೇಕಾಗಿದ್ದದ್ದು ಸುಮಾರು 4,000 ಅಶ್ವಶಕ್ತಿ, ಇಂದಿನ ಲೆಕ್ಕದಲ್ಲಿ 3 ಮೆಗಾವ್ಯಾಟ್. ಅದನ್ನು ನಮ್ಮ ಮನೆಯ 230 ವೋಲ್ಟಿನಲ್ಲಿ ಕಳಿಸಿದ್ದರೆ ತಂತಿಯಲ್ಲಿ ಸುಮಾರು 13 ಸಾವಿರ ಆಂಪಿಯರ್ ಹರಿಯಬೇಕಿತ್ತು. ಎಂಜಿನಿಯರುಗಳು ಒತ್ತಡವನ್ನು 30–35 ಸಾವಿರ ವೋಲ್ಟಿಗೆ ಏರಿಸಿದರು. ಹರಿವು ನೂರು ಆಂಪಿಯರಿನ ಆಸುಪಾಸಿಗೆ ಇಳಿಯಿತು. ಅದೇ ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ ಸರಿಸುಮಾರು ಇಪ್ಪತ್ತು ಸಾವಿರ ಪಟ್ಟು ಕಡಿಮೆಯಾಯಿತು. ಒತ್ತಡ ಏರಿಸದೆ ಹೋಗಿದ್ದರೆ ಕಾವೇರಿಯ ಕರೆಂಟು ಕೋಲಾರ ಮುಟ್ಟುವ ಮೊದಲೇ ದಾರಿಯಲ್ಲೆಲ್ಲ ಬಿಸಿಯಾಗಿ ಕರಗಿಹೋಗುತ್ತಿತ್ತು.

ಅಂದಿನಿಂದ ಇಂದಿನವರೆಗೆ ಸಾಗಣೆಯ ಇತಿಹಾಸ ಎಂದರೆ ಒತ್ತಡ ಏರಿಸುತ್ತ ಹೋದ ಇತಿಹಾಸ. ಶರಾವತಿಯ ಕರೆಂಟನ್ನು ಬೆಂಗಳೂರಿಗೆ ತಂದದ್ದು 220 ಸಾವಿರ ವೋಲ್ಟಿನ ಮಾರ್ಗಗಳು. ಇಂದು ನಗರದ ಅಂಚಿನ ನೆಲಮಂಗಲ, ಸೋಮನಹಳ್ಳಿ, ಹೂಡಿ ಮುಂತಾದ ಕೇಂದ್ರಗಳಿಗೆ 400 ಸಾವಿರ ವೋಲ್ಟಿನಲ್ಲಿ ಕರೆಂಟು ಬರುತ್ತದೆ. ಅಲ್ಲಿಂದ 220 ಸಾವಿರಕ್ಕೆ, ಬಳಿಕ 66 ಸಾವಿರಕ್ಕೆ, ಬಡಾವಣೆಯ ಹತ್ತಿರ 11 ಸಾವಿರಕ್ಕೆ, ಕೊನೆಗೆ ಅಂಗಡಿಯ ಬಾಗಿಲಲ್ಲಿ 230 ವೋಲ್ಟಿಗೆ ಮೆಟ್ಟಿಲಿಳಿಯುತ್ತದೆ. ದೂರದ ಮಾರ್ಗವೊಂದು ನೆಮ್ಮದಿಯಾಗಿ ಹೊರಬಲ್ಲ ಹೊರೆ 220 ಸಾವಿರ ವೋಲ್ಟಿನಲ್ಲಿ ಸುಮಾರು 130 ಮೆಗಾವ್ಯಾಟ್, 400 ಸಾವಿರದಲ್ಲಿ 500ಕ್ಕೂ ಹೆಚ್ಚು, 765 ಸಾವಿರದಲ್ಲಿ 2,000ಕ್ಕೂ ಹೆಚ್ಚು. ಹೀಗಿರುವಾಗ ಒತ್ತಡವನ್ನು ಇನ್ನೂ ಏರಿಸುತ್ತ ಹೋದರೆ ಆಯಿತಲ್ಲ ಎನಿಸುವುದು ಸಹಜ.

ಬಯಲಿನಲ್ಲಿ ಆಗುತ್ತದೆ, ಊರಿನಲ್ಲಿ ಆಗುವುದಿಲ್ಲ. ಒತ್ತಡ ಏರಿದಷ್ಟೂ ತಂತಿಯ ಸುತ್ತ ಖಾಲಿ ಜಾಗ ಹೆಚ್ಚು ಬೇಕು. 220 ಸಾವಿರ ವೋಲ್ಟಿನ ಮಾರ್ಗಕ್ಕೆ 35 ಮೀಟರ್ ಅಗಲದ ಪಟ್ಟಿಯನ್ನು ಉದ್ದಕ್ಕೂ ಬಿಡಬೇಕು. 400 ಸಾವಿರದ ಜೋಡಿ ಮಾರ್ಗಕ್ಕೆ 46 ಮೀಟರ್. ಶಿವಾಜಿನಗರ, ಹಲಸೂರು, ಇಂದಿರಾನಗರದ ನಡುವೆ ಅಷ್ಟು ಅಗಲದ ಪಟ್ಟಿಯನ್ನು ಎಲ್ಲಿಂದ ತರುವುದು? ಇನ್ನೊಂದೆಡೆ ಬೇಡಿಕೆ ನಿಲ್ಲುವಂತಿಲ್ಲ. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಅದರಲ್ಲಿ ದೊಡ್ಡ ಪಾಲು ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳದ್ದು. ನಗರದೊಳಗೇ ಕರೆಂಟು ಹುಟ್ಟಿಸುವ ಯಲಹಂಕದ ಅನಿಲ ಸ್ಥಾವರದ ಸಾಮರ್ಥ್ಯ 370 ಮೆಗಾವ್ಯಾಟ್. ಉಳಿದದ್ದೆಲ್ಲ ರಾಯಚೂರು, ಬಳ್ಳಾರಿ, ಶರಾವತಿ, ಪಾವಗಡದಂಥ ದೂರದ ಊರುಗಳಿಂದ, ಹೊರರಾಜ್ಯಗಳಿಂದ ತಂತಿಯ ಮೇಲೆಯೇ ಬರಬೇಕು.

ಬಟ್ಟೆ ಒಣಹಾಕುವ ಹಗ್ಗ

ಒಂದು ತಂತಿಯಲ್ಲಿ ಇಷ್ಟೇ ಕರೆಂಟು ಕಳಿಸಬೇಕು ಎಂಬ ಮಿತಿ ಎಲ್ಲಿಂದ ಬಂತು? ಹೆಚ್ಚು ಕಳಿಸಿದರೆ ತಂತಿ ಕರಗಿ ತುಂಡಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕರಗುವುದು ಬಹಳ ಆಮೇಲಿನ ಮಾತು. ಅದಕ್ಕೆ ಎಷ್ಟೋ ಮೊದಲೇ ತಂತಿ ಜೋಲುತ್ತದೆ. ಮಿತಿ ಹುಟ್ಟುವುದು ಅಲ್ಲಿ.

ದೊಡ್ಡ ಮಾರ್ಗಗಳಲ್ಲಿ ಬಳಕೆಯಲ್ಲಿರುವ ‘ಮೂಸ್’ ಎಂಬ ತಂತಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದು ಒಂದೇ ತಂತಿಯಲ್ಲ, ಹುರಿಗೊಳಿಸಿದ ಹಗ್ಗ ಎಂದು ಗೊತ್ತಾಗುತ್ತದೆ. ನಡುವೆ 7 ಉಕ್ಕಿನ ಎಳೆ, ಅವುಗಳ ಸುತ್ತ 54 ಅಲ್ಯೂಮಿನಿಯಂ ಎಳೆ. ಒಂದೊಂದು ಎಳೆಯೂ ಮೂರೂವರೆ ಮಿಲಿಮೀಟರ್ ದಪ್ಪ. ಎಲ್ಲ ಸೇರಿ 32 ಮಿಲಿಮೀಟರ್ ಸುಮಾರಿನ ಹಗ್ಗ. ಕರೆಂಟನ್ನು ಹೊರುವುದು ಅಲ್ಯೂಮಿನಿಯಂ, ತಂತಿಯ ಭಾರವನ್ನು ಹಿಡಿದು ನಿಲ್ಲುವುದರಲ್ಲಿ ಮುಖ್ಯ ಪಾತ್ರ ಉಕ್ಕಿನದು. ಅಲ್ಯೂಮಿನಿಯಂ ಹಗುರ, ಅಗ್ಗ, ಕರೆಂಟಿಗೆ ಒಳ್ಳೆಯ ದಾರಿ. ಆದರೆ ಬಿಸಿಗೆ ಅದು ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ, ಮೆತ್ತಗೂ ಆಗುತ್ತದೆ.

ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗವನ್ನು ನೆನಪಿಸಿಕೊಳ್ಳಿ. ಬಿಗಿಯಾಗಿ ಕಟ್ಟಿದ ಹಗ್ಗ ಒಂದೇ ಒಂದು ಬೆರಳಿನಷ್ಟು ಸಡಿಲವಾದರೂ ನಡುವೆ ಅದು ಗೇಣುದ್ದ ಜೋಲುತ್ತದೆ. ಉದ್ದದಲ್ಲಾದ ಸಣ್ಣ ಬದಲಾವಣೆ ಜೋಲಿನಲ್ಲಿ ದೊಡ್ಡದಾಗಿ ಕಾಣುತ್ತದೆ. 400 ಮೀಟರ್ ದೂರದ ಎರಡು ಗೋಪುರಗಳ ನಡುವಿನ ತಂತಿ 40 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಅದು ಹಿಗ್ಗುವುದು ಸುಮಾರು ಒಂದು ಅಡಿ ಮಾತ್ರ. ಆದರೆ ನಡುಮಧ್ಯದಲ್ಲಿ ಅದು ಒಂದು ಮೀಟರಿಗಿಂತಲೂ ಹೆಚ್ಚು ಕೆಳಗೆ ಇಳಿಯುತ್ತದೆ. 220 ಸಾವಿರ ವೋಲ್ಟಿನ ತಂತಿ ನೆಲದಿಂದ ಕನಿಷ್ಠ 7 ಮೀಟರ್ ಮೇಲಿರಬೇಕು, 400 ಸಾವಿರದ್ದು 8.84 ಮೀಟರ್ ಮೇಲಿರಬೇಕು ಎಂಬುದು ನಿಯಮ. ಅಷ್ಟು ಒತ್ತಡದ ತಂತಿ ಮರವನ್ನೋ ಮನೆಯ ತಾರಸಿಯನ್ನೋ ಮುಟ್ಟಬೇಕಾಗಿಲ್ಲ. ಹತ್ತಿರ ಬಂದರೆ ಸಾಕು, ನಡುವಿನ ಗಾಳಿಯನ್ನು ಸೀಳಿಕೊಂಡು ಕಿಡಿ ಹಾರುತ್ತದೆ. ಹಾಗಾಗಿ ತಂತಿಯ ಬಿಸಿ 75ರಿಂದ 85 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತಾರೆ. ಆ ಬಿಸಿ ಬರುವಷ್ಟು ಹರಿವೇ ಆ ಮಾರ್ಗದ ಸಾಮರ್ಥ್ಯ.

ಈ ಜೋಲು ಎಷ್ಟು ದುಬಾರಿಯಾಗಬಲ್ಲದು ಎಂದು ಜಗತ್ತು 2003ರ ಆಗಸ್ಟ್ 14ರಂದು ನೋಡಿತು. ಅಮೆರಿಕದ ಓಹಾಯೊ ರಾಜ್ಯದಲ್ಲಿ ಹೊರೆ ಹೊತ್ತ ತಂತಿಗಳು ಜೋಲಿ, ಕೆಳಗೆ ಕತ್ತರಿಸದೆ ಬಿಟ್ಟಿದ್ದ ಮರಗಳಿಗೆ ತಾಗಿದವು. ಒಂದು ಮಾರ್ಗ ಕಡಿದುಕೊಂಡಿತು, ಅದರ ಹೊರೆ ಪಕ್ಕದ ಮಾರ್ಗಕ್ಕೆ ಹೋಯಿತು, ಅದೂ ಬಿಸಿಯಾಗಿ ಜೋಲಿತು. ಸಂಜೆಯ ಹೊತ್ತಿಗೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು.

ಅದೇ ಗೋಪುರ, ಬೇರೆ ತಂತಿ

ಮಿತಿ ಜೋಲಿನದು ಎಂದು ತಿಳಿದ ಕೂಡಲೇ ಮೊದಲ ಪರಿಹಾರ ಹೊಳೆಯುತ್ತದೆ. ಗೋಪುರವನ್ನು ಹಾಗೇ ಬಿಟ್ಟು ತಂತಿಯನ್ನು ಬದಲಾಯಿಸಿದರೆ? ಕರ್ನಾಟಕದಲ್ಲಿ ಇದರ ಹಳೆಯ ರೂಪ ಬಹಳ ಕಾಲದಿಂದ ನಡೆದಿದೆ. 66 ಸಾವಿರ ವೋಲ್ಟಿನ ಎಷ್ಟೋ ಮಾರ್ಗಗಳಲ್ಲಿ ‘ಕೊಯೋಟ್’ ತಂತಿ ಇಳಿಸಿ ‘ಡ್ರೇಕ್’ ತಂತಿ ಎಳೆದಿದ್ದಾರೆ. ತಂತಿಗಳಿಗೆ ಪ್ರಾಣಿ, ಪಕ್ಷಿಗಳ ಹೆಸರಿಡುವುದು ಈ ಕಸುಬಿನ ವಾಡಿಕೆ. ಕೊಯೋಟ್‌ನಲ್ಲಿ ಅಲ್ಯೂಮಿನಿಯಂ ಸುಮಾರು 130 ಚದರ ಮಿ.ಮೀ., ಡ್ರೇಕ್‌ನಲ್ಲಿ ಸುಮಾರು 400. ದಾರಿ ಮೂರು ಪಟ್ಟು ಅಗಲ. ಆದರೆ ದಪ್ಪ ತಂತಿ ಭಾರವೂ ಹೌದು. ಅದನ್ನು ಹೊರಲು ಹಳೆಯ ಗೋಪುರಕ್ಕೆ ಶಕ್ತಿ ಸಾಲದಿದ್ದರೆ ಗೋಪುರವನ್ನೂ ಬದಲಿಸಬೇಕಾಗುತ್ತದೆ, ಅಲ್ಲಿಗೆ ಉಳಿತಾಯವೆಲ್ಲ ಮುಗಿಯುತ್ತದೆ.

ಇನ್ನೊಂದು ದಾರಿ ತಂತಿಯ ಹೊಟ್ಟೆಯೊಳಗಿದೆ. ನಡುವಿನ ಉಕ್ಕಿನ ಬದಲು ಬಿಸಿಗೆ ಬಹಳ ಕಡಿಮೆ ಹಿಗ್ಗುವ ಮಿಶ್ರಲೋಹವನ್ನೋ ಇಂಗಾಲದ ನಾರಿನ ಕೋಲನ್ನೋ ಇಟ್ಟು, ಸುತ್ತ ಬಿಸಿ ತಾಳುವಂತೆ ಹದಗೊಳಿಸಿದ ಅಲ್ಯೂಮಿನಿಯಂ ಸುತ್ತುತ್ತಾರೆ. ಇದನ್ನು ‘ಬಿಸಿಗೆ ಜೋಲದ ತಂತಿ’ ಎನ್ನೋಣ. ಎಂಜಿನಿಯರುಗಳ ಬಾಯಲ್ಲಿ ಎಚ್‌ಟಿಎಲ್ಎಸ್. ಹಳೆಯ ತಂತಿ 75–85 ಡಿಗ್ರಿಗೆ ನಿಲ್ಲಬೇಕಾದಲ್ಲಿ ಇದು 150 ಡಿಗ್ರಿ ದಾಟಿದರೂ ಅಷ್ಟಾಗಿ ಜೋಲುವುದಿಲ್ಲ. ದಪ್ಪವೂ ತೂಕವೂ ಹಳೆಯ ತಂತಿಯಷ್ಟೇ ಇರುವುದರಿಂದ ಅದೇ ಗೋಪುರ, ಅದೇ ಪಟ್ಟಿ, ಅದೇ ಎತ್ತರ ಸಾಕು. ಸಾಗುವ ಕರೆಂಟು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಲೇಬೇಕು. ಹರಿವು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಎಂದು ಮೇಲೆಯೇ ಹೇಳಿದ್ದಾಯಿತು. ಆ ಬಿಸಿಯೆಲ್ಲ ನಷ್ಟವಾದ ಕರೆಂಟೇ ಅಲ್ಲವೆ? ಹೌದು. ಹಗಲು ರಾತ್ರಿ ಪೂರ್ತಿ ಹೊರೆ ಹೊರಬೇಕಾದ ನೂರಾರು ಕಿ.ಮೀ. ಮಾರ್ಗಕ್ಕೆ ಇದು ತಕ್ಕ ಉಪಾಯವಲ್ಲ. ಅಲ್ಲಿ ಒತ್ತಡ ಏರಿಸುವುದೇ ಸರಿ. ಆದರೆ ನಗರದೊಳಗಿನ ಮಾರ್ಗಗಳು ಗಿಡ್ಡವಾಗಿರುತ್ತವೆ, ಪೂರ್ತಿ ಹೊರೆ ಅವುಗಳ ಮೇಲೆ ಬೀಳುವುದು ದಿನದ ಕೆಲವೇ ಗಂಟೆ, ಇಲ್ಲವೆ ಪಕ್ಕದ ಮಾರ್ಗ ಕೆಟ್ಟು ನಿಂತ ದಿನ. ಆ ಕೆಲವು ಗಂಟೆಯ ನಷ್ಟವನ್ನು, ಸಿಗಲಾರದ ಜಾಗದಲ್ಲಿ ಹೊಸ ಮಾರ್ಗ ಕಟ್ಟುವ ವೆಚ್ಚದ ಜೊತೆ ತೂಗಿ ನೋಡಿದರೆ ನಷ್ಟವೇ ಹಗುರ. ಉಳಿದ ಹೊತ್ತಿನಲ್ಲಿ, ಹಳೆಯಷ್ಟೇ ಹರಿವಿಗೆ ಹೊಸ ತಂತಿಗಳಲ್ಲಿ ಕೆಲವು ಹಳೆಯದಕ್ಕಿಂತ ಕಡಿಮೆ ಬಿಸಿಯಾಗುತ್ತವೆ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ

ಎರಡನೆಯ ಪರಿಹಾರಕ್ಕೆ ತಂತಿಯನ್ನೂ ಬದಲಿಸಬೇಕಾಗಿಲ್ಲ. ಬಿಸಿ ಹಾಲಿನ ಲೋಟಕ್ಕೆ ಗಾಳಿ ಊದಿದರೆ ಬೇಗ ಆರುತ್ತದೆ. ತಂತಿಯ ವಿಷಯವೂ ಅಷ್ಟೇ. ಅದರ ಬಿಸಿಯನ್ನು ನಿರ್ಧರಿಸುವುದು ಒಳಗಿನ ಹರಿವು ಮಾತ್ರವಲ್ಲ. ಹೊರಗಿನ ಬಿಸಿಲು, ಗಾಳಿ, ಮಳೆ ಕೂಡ. ಆದರೂ ಮಾರ್ಗದ ಸಾಮರ್ಥ್ಯವನ್ನು ಒಂದೇ ಸಲ ಲೆಕ್ಕ ಹಾಕಿ ವರ್ಷವಿಡೀ ಅದನ್ನೇ ಬಳಸುವುದು ರೂಢಿ. ಆ ಲೆಕ್ಕದಲ್ಲಿ ಹೊರಗಿನ ಬಿಸಿ ಸಾಮಾನ್ಯವಾಗಿ 45 ಡಿಗ್ರಿ, ಗಾಳಿ ಗಂಟೆಗೆ 2 ಕಿ.ಮೀ. ಎಂದು ಹಿಡಿಯುತ್ತಾರೆ. ಅಂದರೆ ಎಲೆಯೂ ಅಲುಗದ ಸುಡುಬಿಸಿಲಿನ ಮಧ್ಯಾಹ್ನ. ಬೆಂಗಳೂರಿನಲ್ಲಿ ಹವಾಮಾನ ಇಲಾಖೆ ದಾಖಲಿಸಿದ ಅತಿ ಹೆಚ್ಚಿನ ಬಿಸಿ 2016ರ ಏಪ್ರಿಲಿನ 39.2 ಡಿಗ್ರಿ. ಆಷಾಢದ ಗಾಳಿ ಬೀಸುವಾಗ, ಮಳೆಯಲ್ಲಿ ತಂತಿ ತೋಯುವಾಗ, ಅದು ಕಾಗದದ ಮೇಲಿನ ಮಿತಿಗಿಂತ ಎಷ್ಟೋ ಹೆಚ್ಚು ಕರೆಂಟನ್ನು ಸುಖವಾಗಿ ಹೊರಬಲ್ಲದು.

ಹಾಗಾದರೆ ತಂತಿಯ ಬಿಸಿಯನ್ನೋ ಜೋಲನ್ನೋ ಅಳೆಯುವ ಸಣ್ಣ ಯಂತ್ರವನ್ನು ಮಾರ್ಗದಲ್ಲಿ ಕೂರಿಸಿ, ಗಂಟೆಗಂಟೆಗೂ ನಿಜವಾದ ಮಿತಿಯನ್ನು ತಿಳಿದುಕೊಳ್ಳಬಹುದಲ್ಲ? ಇದಕ್ಕೆ ‘ಹವೆಗೆ ತಕ್ಕ ಮಿತಿ’ ಎಂದು ಹೆಸರಿಡಬಹುದು. ಬೆಲ್ಜಿಯಂನಂಥ ದೇಶಗಳಲ್ಲಿ ಇದು ಬಳಕೆಗೆ ಬಂದಿದೆ. ಅಮೆರಿಕದ ಇಂಧನ ನಿಯಂತ್ರಣ ಆಯೋಗ 2021ರಲ್ಲಿ ಹೊರಗಿನ ಬಿಸಿಗೆ ತಕ್ಕಂತೆ ಮಾರ್ಗಗಳ ಮಿತಿಯನ್ನು ತಿದ್ದಿಕೊಳ್ಳುತ್ತಿರಬೇಕೆಂದು ಆದೇಶಿಸಿತು. ಕರ್ನಾಟಕಕ್ಕೆ ಇದರಲ್ಲೊಂದು ವಿಶೇಷ ಲಾಭವಿದೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಹೆಚ್ಚು ತಿರುಗುವುದು ಗಾಳಿ ಬೀಸಿದಾಗ. ಆ ಕರೆಂಟನ್ನು ಹೊರುವ ಹತ್ತಿರದ ತಂತಿಗಳು ತಣ್ಣಗಿರುವುದೂ ಆಗಲೇ. ಹೊರೆ ಹೆಚ್ಚುವ ಹೊತ್ತಿಗೆ ಹೊರುವ ಶಕ್ತಿಯೂ ಹೆಚ್ಚುತ್ತದೆ.

ಈ ಉಪಾಯಕ್ಕೂ ಗಡಿ ಇದೆ. ಬೆಂಗಳೂರಿನ ಬೇಡಿಕೆ ತುದಿ ಮುಟ್ಟುವುದು ಮಾರ್ಚ್, ಏಪ್ರಿಲಿನ ಗಾಳಿಯಿಲ್ಲದ ಬೇಗೆಯಲ್ಲಿ. ಆಗ ಹವೆಯಿಂದ ಸಿಗುವ ಲಾಭ ಕಡಿಮೆ. ನೂರು ಗೋಪುರಗಳ ಮಾರ್ಗದಲ್ಲಿ ಒಂದೇ ಒಂದು ಜಾಗ ಗುಡ್ಡದ ಮರೆಯಲ್ಲಿದ್ದು ಗಾಳಿ ಸೋಕದಿದ್ದರೂ ಇಡೀ ಮಾರ್ಗದ ಮಿತಿಯನ್ನು ಆ ಜಾಗವೇ ನಿರ್ಧರಿಸುತ್ತದೆ. ಇಷ್ಟಿದ್ದರೂ, ಅಳೆದು ತಿಳಿದ ಮಿತಿ ಊಹೆಯ ಮಿತಿಗಿಂತ ಮೇಲು. ಅಪಾಯದ ದಿನಗಳಲ್ಲಿ ಅದೇ ಯಂತ್ರ ‘ಇಂದು ಇಷ್ಟು ಬೇಡ’ ಎಂದೂ ಎಚ್ಚರಿಸುತ್ತದೆ.

ನೀರುಗಂಟಿ ಬೇಕು

ತಂತಿಗಳ ಶಕ್ತಿ ಹೆಚ್ಚಿಸಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಕರೆಂಟು ನಾವು ಹೇಳಿದ ದಾರಿಯಲ್ಲಿ ಹೋಗುವುದಿಲ್ಲ. ಮೆಟ್ರೊ ಕಾಮಗಾರಿಗಾಗಿ 2019ರಲ್ಲಿ ಕಬ್ಬನ್ ರಸ್ತೆ ಮತ್ತು ಎಂ.ಜಿ. ರಸ್ತೆಯ ನಡುವೆ ಕಾಮರಾಜ ರಸ್ತೆಯನ್ನು ಮುಚ್ಚಿದಾಗ ವಾಹನಗಳೆಲ್ಲ ಅಕ್ಕಪಕ್ಕದ ರಸ್ತೆಗಳಿಗೆ ಹಂಚಿಹೋದವು. ಆದರೆ ವಾಹನ ನಡೆಸುವವರಿಗೆ ಕಣ್ಣಿದೆ. ಮುಂದೆ ಜಾಮ್ ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಕರೆಂಟಿಗೆ ಕಣ್ಣಿಲ್ಲ. ಅದು ಕಾಲುವೆಗೆ ಬಿಟ್ಟ ನೀರಿನಂತೆ, ಸುಲಭದ ದಾರಿಯಲ್ಲಿ ಹೆಚ್ಚು, ಕಷ್ಟದ ದಾರಿಯಲ್ಲಿ ಕಡಿಮೆ, ಆದರೆ ಇರುವ ಎಲ್ಲ ದಾರಿಗಳಲ್ಲೂ ಒಂದಿಷ್ಟು ಹರಿಯುತ್ತದೆ. ಹತ್ತಿರದ ಗಿಡ್ಡ ಮಾರ್ಗ ತುಂಬಿ ಮಿತಿ ಮುಟ್ಟಿದ್ದರೂ ಪಕ್ಕದ ಉದ್ದದ ಮಾರ್ಗ ಅರ್ಧ ಖಾಲಿಯಾಗಿ ಉಳಿಯಬಹುದು. ಮೊದಲನೆಯದು ಮಿತಿ ಮುಟ್ಟಿದ ಕೂಡಲೇ ಇಡೀ ಜಾಲದ ಸಾಗಣೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಎಷ್ಟೋ ಸಲ ‘ದಾರಿ ಸಾಲದು’ ಎಂಬುದರ ಅರ್ಥ ಇಷ್ಟೇ: ಒಂದು ದಾರಿ ತುಂಬಿದೆ, ಉಳಿದವು ಖಾಲಿ ಇವೆ.

ನಮ್ಮ ಕೆರೆಗಳ ಕೆಳಗೆ ಈ ಕಷ್ಟಕ್ಕೆ ಹಿರಿಯರು ಕಂಡುಕೊಂಡ ಪರಿಹಾರ ನೀರುಗಂಟಿ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂದು ನೋಡಿಕೊಳ್ಳುವವನು ಅವನು. ವಿದ್ಯುತ್ ಜಾಲದ ನೀರುಗಂಟಿಗಳು ಬೆಂಗಳೂರಿನಲ್ಲೇ ಇದ್ದಾರೆ. ದಕ್ಷಿಣ ರಾಜ್ಯಗಳ ಹೊರೆ ಹಂಚಿಕೆಯ ಕೇಂದ್ರವೂ ರಾಜ್ಯದ್ದೂ ಇರುವುದು ಇದೇ ಊರಿನಲ್ಲಿ. ಆದರೆ ತೂಬುಗಳಿಲ್ಲದೆ ನೀರುಗಂಟಿ ಏನು ಮಾಡಿಯಾನು? ತುಂಬಿದ ಮಾರ್ಗವನ್ನು ಕರೆಂಟಿಗೆ ಕೊಂಚ ಕಷ್ಟದ ದಾರಿಯಾಗಿ, ಖಾಲಿ ಮಾರ್ಗವನ್ನು ಕೊಂಚ ಸುಲಭದ ದಾರಿಯಾಗಿ ಕಾಣಿಸುವ ಉಪಕರಣಗಳು ಇಂದು ಇವೆ. ಕೆಲವು ಟ್ರಾನ್ಸ್‌ಫಾರ್ಮರ್ ರೂಪದವು, ಕೆಲವು ಕೆಪಾಸಿಟರ್ ರೂಪದವು, ಇನ್ನು ಕೆಲವು ಅರೆವಾಹಕಗಳಿಂದ ಕ್ಷಣಾರ್ಧದಲ್ಲಿ ಕೆಲಸ ಮಾಡುವಂಥವು. ಅವೇ ಜಾಲದ ತೂಬುಗಳು.

ತೂಬು ಇದ್ದರೆ ಏನು ಸಾಧ್ಯ ಎಂಬುದಕ್ಕೆ ಉದಾಹರಣೆ ಮತ್ತೆ ಕೋಲಾರದಲ್ಲೇ ಇದೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸುಮಾರು 1,400 ಕಿ.ಮೀ. ಉದ್ದದ ಮಾರ್ಗವೊಂದು 2003ರಲ್ಲಿ ಸಿದ್ಧವಾಯಿತು. ಇದರಲ್ಲಿ ಸಾಗುವುದು ಮನೆಯಲ್ಲಿರುವಂಥ ಹಿಂದೆ ಮುಂದೆ ತೂಗುವ ಕರೆಂಟಲ್ಲ, ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿನಲ್ಲಿ ಹರಿಯುವ ನೇರ ಕರೆಂಟು. ಒತ್ತಡ 5 ಲಕ್ಷ ವೋಲ್ಟ್. ಎರಡೂ ತುದಿಗಳಲ್ಲಿ ಕರೆಂಟಿನ ರೂಪ ಬದಲಿಸುವ ಕೇಂದ್ರಗಳಿರುವುದರಿಂದ ಎಷ್ಟು ಹರಿಯಬೇಕೆಂದು ಮನುಷ್ಯರೇ ನಿರ್ಧರಿಸಬಹುದು. ಆರಂಭದಲ್ಲಿ 2,000 ಮೆಗಾವ್ಯಾಟ್ ಇದ್ದ ಇದರ ಸಾಮರ್ಥ್ಯವನ್ನು 2007ರಲ್ಲಿ 2,500ಕ್ಕೆ ಏರಿಸಿದರು. ಅದಕ್ಕಾಗಿ ಹೊಸ ಮಾರ್ಗ ಕಟ್ಟಲಿಲ್ಲ; ತುದಿಯ ಕೇಂದ್ರಗಳನ್ನು ಸುಧಾರಿಸಿದರು. ಐನೂರು ಮೆಗಾವ್ಯಾಟ್ ಎಂದರೆ ಯಲಹಂಕದ ಸ್ಥಾವರಕ್ಕಿಂತ ದೊಡ್ಡದು. ಒಂದು ಕಾಲಕ್ಕೆ ದೂರದ ಕರೆಂಟಿಗೆ ಕೊನೆಯ ನಿಲ್ದಾಣವಾಗಿದ್ದ ಕೋಲಾರ ಈಗ ಬೆಂಗಳೂರಿಗೂ ದಕ್ಷಿಣ ಭಾರತಕ್ಕೂ ಹೆಬ್ಬಾಗಿಲು.

ಖಾಲಿ ಬಿಟ್ಟ ಜಾಗದ ಬೆಲೆ

ಇಷ್ಟೆಲ್ಲ ಹೇಳಿದ ಮೇಲೆ, ಮಾರ್ಗಗಳನ್ನು ತುದಿಯವರೆಗೂ ತುಂಬಿಸಿಬಿಡಬಹುದೆ ಎಂಬ ಪ್ರಶ್ನೆ ಬರುತ್ತದೆ. ತುಂಬಿಸಬಾರದು. ಅಕ್ಕಪಕ್ಕ ಎರಡು ಮಾರ್ಗಗಳಿವೆ, ಒಂದೊಂದೂ ನೂರು ಹೊರಬಲ್ಲದು ಎಂದುಕೊಳ್ಳಿ. ಇನ್ನೂರು ಕಳಿಸಿದರೆ, ಒಂದು ಕಡಿದುಕೊಂಡ ಕ್ಷಣ ಇನ್ನೊಂದರ ಮೇಲೆ ಇನ್ನೂರೂ ಬೀಳುತ್ತದೆ, ಅದೂ ಹೋಗುತ್ತದೆ. ಆದ್ದರಿಂದ ಒಂದು ಕೆಟ್ಟರೂ ಉಳಿದದ್ದು ತಾಳುವಂತೆ ಎರಡರಲ್ಲೂ ಸೇರಿ ನೂರೇ ಕಳಿಸಬೇಕು. ಹೊರಗಿನಿಂದ ನೋಡುವವರಿಗೆ ಇದು ಅರ್ಧ ದಾರಿ ದಂಡ ಎನಿಸಬಹುದು. ಹಬ್ಬದ ಸಂಜೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೆಂಕಿ ಆರಿಸುವ ವಾಹನಕ್ಕೆ ಬಿಡಬೇಕಾದ ದಾರಿ ದಂಡವಾದೀತೆ? ಇದೂ ಹಾಗೆಯೇ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾದದ್ದು ಹೊರೆ ಮೀರಿದ ಮಾರ್ಗಗಳು ಒಂದರ ಹಿಂದೊಂದು ಕಡಿದುಕೊಂಡಿದ್ದರಿಂದ. ದಕ್ಷಿಣದ ಜಾಲ ಆಗ ಉಳಿದ ದೇಶಕ್ಕೆ ತೂಬುಳ್ಳ ನೇರ ಕರೆಂಟಿನ ಕೊಂಡಿಗಳಿಂದಷ್ಟೇ ಸೇರಿತ್ತು. ಬೆಂಗಳೂರಿನ ದೀಪಗಳು ಆರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಸಾವಿರ ವೋಲ್ಟಿನ ಮಾರ್ಗ ಎರಡೂ ಜಾಲಗಳನ್ನು ನೇರವಾಗಿ ಬೆಸೆಯಿತು. ಅದರಿಂದ ಅನುಕೂಲ ಹೆಚ್ಚಿತು, ಎಚ್ಚರದ ಅಗತ್ಯವೂ ಹೆಚ್ಚಿತು.

ಈ ಖಾಲಿ ಜಾಗವನ್ನು ಸುರಕ್ಷತೆ ಕೆಡದಂತೆ ಕೊಂಚ ಬಳಸುವ ದಾರಿಗಳಿವೆ. ತಾಲ್ಚೇರ್–ಕೋಲಾರ ಮಾರ್ಗದ ಒಂದು ಭಾಗ ಥಟ್ಟನೆ ಕಡಿದುಕೊಂಡರೆ ದಕ್ಷಿಣದ ರಾಜ್ಯಗಳಲ್ಲಿ ಮೊದಲೇ ಗೊತ್ತುಮಾಡಿದ ಕೆಲವು ಹೊರೆಗಳನ್ನು ತಾನಾಗಿ ಇಳಿಸುವ ಏರ್ಪಾಡಿದೆ. ಕೆಲವರಿಗೆ ತುಸು ಹೊತ್ತು ಕರೆಂಟು ಹೋಗುತ್ತದೆ, ಎಲ್ಲರಿಗೂ ಹೋಗುವುದು ತಪ್ಪುತ್ತದೆ. ಇದಕ್ಕಿಂತ ಹಿತವಾದ ದಾರಿ ನಗರದ ತುದಿಯಲ್ಲಿ ದೊಡ್ಡ ಬ್ಯಾಟರಿ. ಬೆಂಗಳೂರಿನ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಾವೇರಿ ನೀರು ದಿನ ಬಿಟ್ಟು ದಿನ ಸಣ್ಣ ಪೈಪಿನಲ್ಲಿ ಬಂದರೂ ಸಂಪು ಇದ್ದ ಮನೆಯ ನಲ್ಲಿ ನಿಲ್ಲುವುದಿಲ್ಲ. ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿನ ಮಧ್ಯಾಹ್ನದ ಕರೆಂಟನ್ನು ನಗರದ ಅಂಚಿನಲ್ಲಿ ತುಂಬಿಟ್ಟು ಸಂಜೆ ಬಳಸಿದರೆ ಮಾರ್ಗಕ್ಕೆ ಸಂಜೆಯ ಹೊರೆ ಇಳಿಯುತ್ತದೆ, ತಂತಿಯೂ ತಣ್ಣಗಿರುತ್ತದೆ.

ನೆಲದಡಿಗೆ ಹಾಕಬಾರದೆ?

ಉಳಿದ ಎರಡು ಆಕ್ಷೇಪಗಳಿಗೂ ಉತ್ತರ ಕೊಡಬೇಕು. ತಂತಿಯನ್ನೆಲ್ಲ ನೆಲದಡಿ ಹಾಕಿಬಿಟ್ಟರೆ ಜೋಲಿನ ಗೋಜೇ ಇಲ್ಲವಲ್ಲ ಎಂಬುದು ಮೊದಲನೆಯದು. ಇಕ್ಕಟ್ಟಾದ ಊರಿನ ನಡುವೆ ಅದೇ ದಾರಿ. ಬೆಂಗಳೂರಿನೊಳಗೆ 220 ಸಾವಿರ ವೋಲ್ಟಿನ ಕೇಬಲ್ಲುಗಳೂ ನೆಲದಡಿ ಇವೆ. ಆದರೆ ಬಿಸಿಯ ಕಾಟ ಅಲ್ಲಿ ತಪ್ಪುವುದಿಲ್ಲ, ಹೆಚ್ಚುತ್ತದೆ. ಮೇಲಿನ ತಂತಿಯ ಬಿಸಿಯನ್ನು ಗಾಳಿ ಒಯ್ಯುತ್ತದೆ. ಮಣ್ಣಿನೊಳಗಿನ ಕೇಬಲ್ಲು ಕಂಬಳಿ ಹೊದ್ದು ಮಲಗಿದಂತೆ. ಅದಕ್ಕೇ ಅಷ್ಟೇ ಕರೆಂಟಿಗೆ ಇನ್ನೂ ದಪ್ಪ ಲೋಹ, ಸುತ್ತ ನಿರೋಧಕ ಪದರಗಳು ಬೇಕು, ಖರ್ಚು ಎಷ್ಟೋ ಪಟ್ಟು. ಕೆಟ್ಟಾಗ ಕೆಟ್ಟ ಜಾಗ ಹುಡುಕಿ ಅಗೆದು ಸರಿಮಾಡಲು ದಿನಗಳೇ ಬೇಕಾಗಬಹುದು. ಆದ್ದರಿಂದ ಕೇಬಲ್ಲನ್ನು ಅದು ಅನಿವಾರ್ಯವಾದ ಕೊನೆಯ ಕೆಲವು ಕಿ.ಮೀ.ಗೆ ಮೀಸಲಿಡುವುದು ಜಾಣತನ.

ಪ್ರತಿ ತಾರಸಿಯ ಮೇಲೂ ಸೋಲಾರ್ ಹಾಕಿದರೆ ದೂರದ ಮಾರ್ಗವೇ ಬೇಡವಲ್ಲ ಎಂಬುದು ಎರಡನೆಯದು. ಹಾಕಲೇಬೇಕು, ಅದರಿಂದ ಹಗಲಿನ ಹೊರೆ ತಗ್ಗುತ್ತದೆ. ಆದರೆ ಗೋಡೆಗೆ ಗೋಡೆ ತಾಗಿ ನಿಂತ ಕಮರ್ಷಿಯಲ್ ಸ್ಟ್ರೀಟಿನ ಕಟ್ಟಡಗಳಿಗೆ ತಾರಸಿ ಕಡಿಮೆ, ಬಳಕೆ ಹೆಚ್ಚು. ಬೀದಿ ತುಂಬುವುದು ಸೂರ್ಯ ಮುಳುಗಿದ ಮೇಲೆ. ಅಂಥ ಬೀದಿಗೆ ಸಂಜೆಯ ಬೆಳಕು ದೂರದಿಂದಲೇ ಬರಬೇಕು.

ಬೆಂಗಳೂರಿಗೆ ಹೊಸ ಮಾರ್ಗಗಳು ಬೇಡವೆಂದು ಇದರ ಅರ್ಥವಲ್ಲ. ಬೇಕು, ಮುಂದೆಯೂ ಬೇಕು. ಆದರೆ ಹೊಸ ಮಾರ್ಗಕ್ಕೆ ರೈತರ ಜಮೀನು, ಮರಗಳು, ವರ್ಷಗಟ್ಟಲೆ ಕಾಲ ತೆರಬೇಕಾಗುತ್ತದೆ. ಅದನ್ನು ಕೇಳುವ ಮೊದಲು ಇರುವ ಮಾರ್ಗದ ತಂತಿ ಬದಲಿಸಿದ್ದೇವೆಯೆ, ಅದರ ನಿಜವಾದ ಬಿಸಿಯನ್ನು ಅಳೆದಿದ್ದೇವೆಯೆ, ಹರಿವಿಗೆ ತೂಬು ಇಟ್ಟಿದ್ದೇವೆಯೆ, ನಗರದ ತುದಿಯಲ್ಲಿ ಸಂಪು ಕಟ್ಟಿದ್ದೇವೆಯೆ ಎಂದು ಯೋಜನೆ ಮಾಡುವವರು ಲೆಕ್ಕ ಒಪ್ಪಿಸಬೇಕು. ಅದನ್ನು ಕೇಳುವ ಹಕ್ಕು ಬಿಲ್ಲು ಕಟ್ಟುವ ಪ್ರತಿಯೊಬ್ಬರಿಗೂ ಇದೆ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಹೈಟೆನ್ಷನ್ ತಂತಿಯ ಕೆಳಗಿನ ಖಾಲಿ ಜಾಗವನ್ನು ಯಾರದೂ ಅಲ್ಲದ ನೆಲವೆಂದು ತಿಳಿದು ಮನೆ ಎತ್ತರಿಸುವುದು, ಶೆಡ್ಡು ಹಾಕುವುದು, ಎತ್ತರಕ್ಕೆ ಬೆಳೆಯುವ ಮರ ನೆಡುವುದು ಬೆಂಗಳೂರಿನಲ್ಲಿ ಕಾಣದ ದೃಶ್ಯವೇನಲ್ಲ. ತಂತಿ ಬಿಸಿಯಾದಾಗ ಇಳಿದು ಬರುವುದು ಅದೇ ಜಾಗಕ್ಕೆ. ಅಲ್ಲಿ ತಾರಸಿಯೊಂದು ಎದ್ದರೆ ಮೊದಲು ಅಪಾಯಕ್ಕೆ ಬೀಳುವುದು ಆ ಮನೆಯ ಮಕ್ಕಳ ಜೀವ, ಆಮೇಲೆ ಕುಗ್ಗುವುದು ಇಡೀ ಮಾರ್ಗದ ಸಾಮರ್ಥ್ಯ. ತಂತಿಯ ಕೆಳಗಿನ ಆ ಬಯಲನ್ನು ಬಯಲಾಗಿಯೇ ಬಿಡಿ. ಕರೆಂಟು ನಮ್ಮ ಬೀದಿಗೆ ಬರುವ ದಾರಿಯಲ್ಲಿ ಅದೂ ಸೇರಿದೆ.